ಕಣ್ಣಿಗೊತ್ತಿಕೊಂಡ ನದಿ

ಗಲ್ಫ್‌ನ ಲುಸೈಲ್ ನಗರದ ನಮ್ಮ ಆಫೀಸಿನ ಬಾಗಿಲುಗಳಿಗೆ ಇಂದು ಎಣ್ಣೆಬಣ್ಣ ಬಳಿಯುತ್ತಿದ್ದಾರೆ. ಆ ವಾಸನೆಗೆ ನನ್ನ ಒಂಬತ್ತನೆಯ ವಯಸ್ಸಿನ ಒಂದು ಶುಕ್ರವಾರ ನೆನಪಾಯಿತು.

ಅಪ್ಪ ಇಲ್ಲಿನ ಹಳೆಯ ಪೇಟೆ ಸೂಕ್ ವಾಕಿಫ್‌ನಲ್ಲಿ ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಆ ಮಧ್ಯಾಹ್ನ, ಶಾಲೆಗೆ ರಜೆಯೆಂದು ನಾನೂ ಅಲ್ಲಿದ್ದಾಗ, ಫ್ರೆಂಚ್ ಮೇಡಂ ಒಬ್ಬರು ತಮ್ಮ ತಾಯಿಯ ಹುಟ್ಟುಹಬ್ಬಕ್ಕೆಂದು ತಾವೇ ಅವಸರದಲ್ಲಿ ಬಿಡಿಸಿದ ಎಣ್ಣೆಬಣ್ಣದ ಚಿತ್ರವನ್ನು ತಂದು ಗೋಡೆಗೆ ಒರಗಿಸಿಟ್ಟರು. ಅದು ಪ್ಯಾರಿಸ್ ಪಕ್ಕದ ಶಾತೂ ಎಂಬ ಅವರ ಸಣ್ಣ ಊರು. ಹಿಂದೆ ದೊಡ್ಡ ದೊಡ್ಡ ಚಿತ್ರಕಾರರು ಅಲ್ಲಿನ ನದಿಯನ್ನು ಬಿಡಿಸಲು ಬರುತ್ತಿದ್ದರಂತೆ. ದಿನವೂ ಕಂಡದ್ದನ್ನೆಲ್ಲ ಬರೆದಿಡುತ್ತಿದ್ದ ನನ್ನ ಡೈರಿಗಾಗಿ ನಾನು ಎಣಿಸತೊಡಗಿದೆ: ದೋಣಿ ಏಳು, ಸೇತುವೆ ಒಂದು, ಕಿಟಕಿ ಹತ್ತೊಂಬತ್ತು. ಎಣಿಸುತ್ತ ಹತ್ತಿರ ಸರಿದಾಗ ಕಾಲು ಚಿತ್ರಕ್ಕೆ ತಾಗಿತು. ತಕ್ಷಣ ಬಗ್ಗಿ, ಮುಟ್ಟಿ, ಕಣ್ಣಿಗೊತ್ತಿಕೊಂಡೆ.

ಬಣ್ಣ ಒಣಗಿರಲಿಲ್ಲ. ನದಿಯ ಮೇಲೆ ನನ್ನ ಮೂರು ಬೆರಳುಗಳ ಗುರುತು ಮೂಡಿತ್ತು, ನನ್ನ ರೆಪ್ಪೆಗಳ ಮೇಲೆ ನೀಲಿ.

“ಎಂಥ ಮಾಡಿದ್ದು ಮಾರಾಯ್ತಿ! ಧಣಿ ನೋಡಿದ್ರೆ ನಿನ್ನ ಅಪ್ಪನ ಕೆಲಸ ಖಲಾಸ್,” ಎಂದು ಅಪ್ಪನ ಜೊತೆಗಾರ ಹಮೀದಾಕ ಪಿಸುಗುಟ್ಟಿದರು.

ಅಪ್ಪ ಮೇಡಂಗೆ ಕೈಮುಗಿದರು. “ತಪ್ಪು ಅವಳದ್ದಲ್ಲ ಮೇಡಂ. ಕಾಲು ತಾಗಿದರೆ ಹಾಗೆ ಮುಟ್ಟಿ ಕ್ಷಮೆ ಕೇಳಬೇಕೆಂದು ನಾನೇ ಕಲಿಸಿದ್ದು,” ಎಂದು ತಮಗೆ ಬರುವ ಇಂಗ್ಲಿಷಿನಲ್ಲಿ ಹೇಳಿದರು.

ಮೇಡಂ ಬಗ್ಗಿ ನನ್ನ ನೀಲಿ ರೆಪ್ಪೆಗಳನ್ನು ನೋಡಿದರು. ಆಮೇಲೆ, “ಅದನ್ನು ಸರಿಮಾಡುವುದು ಬೇಡ. ಹೀಗೇ ಚೌಕಟ್ಟು ಹಾಕಿ. ಅಮ್ಮನಿಗೆ ನಾನು ಹೇಳುತ್ತೇನೆ,” ಎಂದರು.

ಅವರು ಹೋದ ಮೇಲೆ ಅಪ್ಪ ತೆಂಗಿನೆಣ್ಣೆಯಲ್ಲಿ ಬಟ್ಟೆ ಅದ್ದಿ ನನ್ನ ರೆಪ್ಪೆ ಒರೆಸಿದರು.

“ಇನ್ನು ನಾನು ಎಂಥದ್ದನ್ನೂ ಮುಟ್ಟುದಿಲ್ಲ ಅಪ್ಪ.”

“ಹಾಗೆ ಮಾಡ್ಬೇಡ ಮಗಾ,” ಎಂದರು ಅಪ್ಪ. “ಒಣಗಿದೆಯಾ ಅಂತ ಮೊದಲು ನೋಡು, ಅಷ್ಟೇ.”