ಹನ್ನೊಂದನೆಯ ನಳಿಕೆ

"ಸರ್, ಹನ್ನೊಂದನೇ ನಂಬರಿಂದು ಮತ್ತ ಸೊನ್ನೀನ ಬಂತ್ರಿ," ಎಂದಳು ಶೈಲಶ್ರೀ. ಇದು ಮೂರನೆಯ ಸಲ.

ಲ್ಯಾಬಿನ ಮೇಲ್ವಿಚಾರಕ ಮಹಾಲಿಂಗ ಕಾಗದದಿಂದ ತಲೆ ಎತ್ತಲಿಲ್ಲ. ತಳೇಗಾಂವದ ಆ ಕಾರ್ಖಾನೆಯಲ್ಲಿ ರಕ್ತಪರೀಕ್ಷೆಯ ಕಿಟ್‌ಗಳು ತಯಾರಾಗುತ್ತವೆ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿನ ಸುಳಿವು ಕೊಡುವ ಪಿಎಸ್‌ಎ ಎಂಬ ಪ್ರೋಟೀನನ್ನು ರಕ್ತದಲ್ಲಿ ಹುಡುಕಿ ಹಿಡಿಯುವುದು ಕಿಟ್ಟಿನೊಳಗಿನ ಆಂಟಿಬಾಡಿಯ ಕೆಲಸ. ಹಳೆಯದು ಶುದ್ಧ ಮೊಂಡು, ಇಲ್ಲದ ಕಡೆಯೂ ಒಂದಿಷ್ಟು ಇದೆ ಅನ್ನುವ ಚಾಳಿ ಅದಕ್ಕೆ. ಅದರ ಬದಲಿಗೆ ಹೊಸದೊಂದನ್ನು ಹದಿನಾಲ್ಕು ತಿಂಗಳು ತಿದ್ದಿ ತೀಡಿ ನಿಲ್ಲಿಸಿದವಳು ಶೈಲಶ್ರೀ. ಇದು ಪಾಸಾದರೆ ಅವಳ ನೌಕರಿ ಕಾಯಂ.

ಇಪ್ಪತ್ತು ಗಂಡಸರ ರಕ್ತದಲ್ಲಿ ಹಳೆಯದನ್ನೂ ಹೊಸದನ್ನೂ ತಾಳೆ ನೋಡಬೇಕು. ಹತ್ತೊಂಬತ್ತು ಸರಿಯಾಗಿಯೇ ಕೂತವು. ಹನ್ನೊಂದನೆಯದು ಮಾತ್ರ ಹಟ ಹಿಡಿದಿತ್ತು. ಹಳೆಯ ಆಂಟಿಬಾಡಿ ಅದರಲ್ಲಿ ಸ್ವಲ್ಪ ಇದೆ ಎಂದರೆ ಹೊಸದು ಏನೂ ಇಲ್ಲ ಎನ್ನುತ್ತಿತ್ತು. ಗಟ್ಟಿಮುಟ್ಟಾದ ಗಂಡಸಿನಲ್ಲೂ ಪಿಎಸ್‌ಎ ಚೂರಾದರೂ ಇರಲೇಬೇಕಲ್ಲ!

"ಚಾಲಣಾರ್ ನಾಹೀ, ನಡಿಯೂದಿಲ್ಲ ಅಂದ್ರು ಮ್ಯಾನೇಜರ್. ಒಬ್ಬಾವನ್ನ ತಪ್ಪಿಸಿದ್ದು ನಾಳೆ ಸಾವಿರ ಮಂದೀನ ತಪ್ಪಸ್ತದಂತ. ಇಲ್ಲಾಂದ್ರ ನಾನ ಹೆಂಗಸರ ರಕ್ತ ಸೇರಿಸಿ ಗೋಲ್‌ಮಾಲ್ ಮಾಡೀನಂತ. ಹೆಂಗಸರಿಗೆ ಆ ಗ್ರಂಥೀನ ಇರೂದಿಲ್ಲ, ಅವರದಷ್ಟ ಸೊನ್ನಿ ಬರ್ತದ, ಹೌದಲ್ರಿ? ಮೂರಕ್ಕ ಮೀಟಿಂಗ್ ಅದ." ಅವಳು ಮೇಜಿನ ಹತ್ತಿರ ಬಂದಳು. "ಸರ್, ನಂಬರಿನ ಪುಸ್ತಕ ತಗೀರಿ. ಅದು ಯಾರದಂತ ನೋಡೇಬಿಡೋಣು."

ವರ್ಷಕ್ಕೊಮ್ಮೆ ಕಾರ್ಖಾನೆಯ ಐವತ್ತು ದಾಟಿದ ಗಂಡಸರೆಲ್ಲ ಅಂಗಿಯ ತೋಳು ಮಡಚಿ ರಕ್ತ ಕೊಡುವುದು ಅಲ್ಲಿಯ ರೂಢಿ. ಕೊಟ್ಟವರಿಗೆ ಒಂದು ವಡಾಪಾವ್, ಒಂದು ಚಹಾ. ನಳಿಕೆಯ ಮೇಲೆ ಹೆಸರಿಲ್ಲ, ನಂಬರು ಮಾತ್ರ. ಯಾವ ನಂಬರು ಯಾರದು ಎಂಬ ಪುಸ್ತಕ ಮಹಾಲಿಂಗನ ಕಪಾಟಿನಲ್ಲಿ ಬೀಗದೊಳಗೆ. ಅದನ್ನು ತೆರೆದರೆ ಇಬ್ಬರ ಸಹಿ ಬೀಳಬೇಕು, ತೆರೆದವನದೊಂದು, ನೋಡಿದವರದೊಂದು. ಮೂರು ದಿನದಿಂದ ಮಹಾಲಿಂಗ ಬೀಗದ ಕೈ ಸಿಗುತ್ತಿಲ್ಲ ಎನ್ನುತ್ತಿದ್ದ. ಅದು ಅವನ ಕಿಸೆಯಲ್ಲೇ ಇತ್ತು. ಈಗ ಹುಡುಗಿಯ ಮುಖ ನೋಡಿ ಹೊರಗೆ ತೆಗೆದ.

ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿದ. ಹನ್ನೊಂದರ ಮುಂದೆ ಅವನದೇ ಹೆಸರು.

"ಸರ್... ನೀವ?"

"ಗ್ರಂಥಿ ತಗದುಬಿಟ್ಟಾರ. ಕ್ಯಾನ್ಸರ್ ಇತ್ತು. ನಿನ್ನ ಆಂಟಿಬಾಡಿದು ಏನೂ ತಪ್ಪಿಲ್ಲವಾ. ಇಲ್ಲದ್ದಕ್ಕ ಇಲ್ಲ ಅಂದದ."

"ಯಾವಾಗ್ರಿ?"

"ಹೋದ ವರ್ಷ, ಮೇದಾಗ."

"ಮೇದಾಗ ನೀವು ಅಣ್ಣನ ಮಗಳ ಮದುವೀಗೆ ಜಮಖಂಡಿಗೆ ಹೋಗಿದ್ರಲ್ರಿ! ಒಂದು ಮದುವೀಗೆ ತಿಂಗಳು ರಜಾ ಅಂತ ನಾವೆಲ್ಲ ನಕ್ಕಿದ್ವಿ. ಬಂದು ಲಾಡು ಕೊಟ್ರಿ."

"ಸೊಲ್ಲಾಪುರದಾಗಿದ್ದೆ. ಲಾಡು ಆಸ್ಪತ್ರಿ ಮುಂದಿನ ಅಂಗಡೀದು."

ಯಾರಿಗೂ ಹೇಳಿರಲಿಲ್ಲ ಪುಣ್ಯಾತ್ಮ. ಮದುವೆ ಮುರಿದು ಇಪ್ಪತ್ತು ವರ್ಷ ಒಂಟಿ ಕೋಣೆಯಲ್ಲಿ ಬದುಕಿದವನು, ಹೇಳುವುದಾದರೂ ಯಾರಿಗೆ? ಆಪರೇಶನ್ ಆದಮೇಲೆ ಜೋರಾಗಿ ನಕ್ಕರೆ ಮೂತ್ರ ಸೋರುತ್ತಿತ್ತು. ಅದಕ್ಕೇ ಕ್ಯಾಂಟೀನಿನ ಬೆಂಚು ಬಿಟ್ಟ, ನಗುವುದನ್ನೂ ಬಿಟ್ಟ. ಮಂದಿ ಅವನಿಗೆ ಸೊಕ್ಕು ಬಂತು ಎಂದರು. ಈ ಸಲ ರಕ್ತ ಕೊಡದಿದ್ದರೆ ಯಾಕೆ ಎಂದು ಕೇಳುತ್ತಾರೆಂದು ಹೆದರಿ ಕೊಟ್ಟಿದ್ದ. ಹಳೆಯ ಆಂಟಿಬಾಡಿ ತನಗೂ ಒಂದಿಷ್ಟು ಇದೆ ಎಂದು ಸುಳ್ಳು ಹೇಳಿ ಮಾನ ಉಳಿಸುತ್ತದೆ ಎಂದುಕೊಂಡಿದ್ದ. ಹೊಸದು ಇಷ್ಟು ಖಡಕ್ ಆದೀತೆಂದು ಯಾರು ಕಂಡಿದ್ದರು!

"ಆಸ್ಪತ್ರ್ಯಾಗ ನಿಮ್ಮ ಜೋಡಿ ಯಾರಿದ್ರು ಸರ್?"

ಮಹಾಲಿಂಗ ವರದಿಯ ಕಾಗದ ಹತ್ತಿರ ಎಳೆದುಕೊಂಡ. "ಸಂಬಂಧಿಕರ ಸಹಿ ಇಲ್ಲದ ಕೊಯ್ಯೂದಿಲ್ಲ ಅಂದ್ರು. ಬಾಜೂ ಕಾಟಿನ ಮ್ಯಾಲ ಮಲಗಿದಾಂವನ ಹೇಂತಿ, ಸಾವಂತ್ರವ್ವ ಅಂತ, ತಾನ ಎದ್ದು ಬಂದು ಹೆಬ್ಬಟ್ಟು ಒತ್ತಿದಳು. ಏನಾಗಬೇಕು ನಿಮಗ ಅಂತ ಕೇಳಿದ್ರ, ತಂಗಿ ಅಂತ ಬರಕೋರಿ ಅಂದಳು. ನನಗ ಎಚ್ಚರಾಗೂದ್ರಾಗ ಅವರು ಊರಿಗೆ ಹೋಗಿಬಿಟ್ಟಿದ್ರು."

ಶೈಲಶ್ರೀ ಯಂತ್ರದ ಪರದೆಯ ಕಡೆಗೆ ಕಣ್ಣು ಹರಿಸಿ, ತಟ್ಟನೆ ಇವನ ಕಡೆ ತಿರುಗಿದಳು.

"ಸರ್, ಸೊನ್ನಿ ಅಂದ್ರ... ರೋಗ ಹೊಳ್ಳಿ ಬಂದಿಲ್ಲ ಅಂತಲ್ರಿ? ಪೂರಾ ಆರಾಮ ಆಗೀರಿ ಅಂತಲ್ರಿ?"

"ಹೂಂ."

"ಅಯ್ಯ, ಮತ್ತ ಹಿಂಗ ಮಾರಿ ಸಣ್ಣದು ಮಾಡ್ಕೊಂಡು ಕುಂತೀರಲ್ಲ! ಇದು ಭಾಳ ಚಲೋ ಸುದ್ದಿ ಅಲ್ರಿ ಸರ್!"

ಚಲೋ ಸುದ್ದಿ. ಇಷ್ಟು ದಿನದಲ್ಲಿ ಈ ಮಾತನ್ನು ಬೇರೆಯವರ ಬಾಯಲ್ಲಿ ಅವನು ಕೇಳಿದ್ದು ಇದೇ ಮೊದಲು. ಮೂರು ತಿಂಗಳಿಗೊಮ್ಮೆ ಚೆಕಪ್ ಆದಾಗಲೆಲ್ಲ ಯಾರಿಗಾದರೂ ಹೇಳಬೇಕೆನಿಸಿ ಫೋನ್ ತೆಗೆಯುತ್ತಿದ್ದ. ಹೆಸರುಗಳನ್ನೆಲ್ಲ ಮೇಲಿಂದ ಕೆಳತನಕ ಜಾರಿಸಿ, ಮತ್ತೆ ಕಿಸೆಯಲ್ಲಿಡುತ್ತಿದ್ದ.

ಅವನು ಪೆನ್ನು ತೆಗೆದು ವರದಿಯಲ್ಲಿ ಹನ್ನೊಂದರ ಮುಂದೆ ಬರೆದ: ಆಂಟಿಬಾಡಿ ಸರಿಯಾಗಿದೆ, ರಕ್ತ ಕೊಟ್ಟವರ ಗ್ರಂಥಿ ತೆಗೆಯಲಾಗಿದೆ. ಪುಸ್ತಕದಲ್ಲೂ ಸಹಿ ಹಾಕಿದ. ನೋಡಿದವರ ಜಾಗದಲ್ಲಿ ಶೈಲಶ್ರೀ ಸಹಿ ಮಾಡಿ, ಕಾಗದ ಎತ್ತಿಕೊಂಡು ಬಾಗಿಲತ್ತ ಹೊರಟಳು. ಮೂರರ ಮೀಟಿಂಗಿನಲ್ಲಿ ಪುಸ್ತಕವನ್ನೂ ಕೇಳುತ್ತಾರೆ, ಹನ್ನೊಂದು ಯಾರೆಂದು ಕಾರ್ಖಾನೆಗೆಲ್ಲ ಗೊತ್ತಾಗುತ್ತದೆ.

"ಶೈಲಶ್ರೀ," ಎಂದ ಮಹಾಲಿಂಗ. ಮೇಜಿನ ಡ್ರಾಯರಿನ ತಳದಿಂದ, ನಾಲ್ಕು ಮಡಿಕೆ ಮಾಡಿಟ್ಟ ಮೂರು ಚೆಕಪ್ ಕಾಗದ ತೆಗೆದು, ಒಂದೊಂದಾಗಿ ಬಿಡಿಸಿ, ಅಂಗೈಯಿಂದ ಸುಕ್ಕು ತೀಡಿದ. ಮೂರರಲ್ಲೂ ಸೊನ್ನೆ.

"ಮೀಟಿಂಗಿಗೆ ಇನ್ನೂ ಹತ್ತು ನಿಮಿಷ ಅದ. ಇವನ್ನೂ ಒಂದಿಷ್ಟು ನೋಡ್ತೀಯೇನವಾ?"