ಗೋಡೆ ಮುಟ್ಟುವ ಶಾಸ್ತ್ರ

ಹೆಣ್ಣಿನ ಕಡೆಯವರು ಗಂಡಿನ ಮನೆಗೆ ಹೋದರೆ ಮೊದಲು ಗೋಡೆ ಮುಟ್ಟಿ ನೋಡಬೇಕು. ಯೀಸ್ಟ್‌ನಿಂದ ಬೆಳೆಸಿದ ಮನೆಗಳು ಬಂದ ಮೇಲೆ ಹುಟ್ಟಿಕೊಂಡ ಶಾಸ್ತ್ರವಿದು. ಜೀವವಿರುವ ಗೋಡೆ ಪೆಟ್ಟು ಬಿದ್ದಲ್ಲೆಲ್ಲ ತಾನೇ ದಪ್ಪಗಾಗಿ, ಆ ಮನೆಯ ಗಂಡಸರ ಕೈ ಎಂಥದೆಂದು ಹೇಳಿಬಿಡುತ್ತದೆ.

ಸರ್ವಮಂಗಳಮ್ಮನವರ ಅಣ್ಣ ರುದ್ರಪ್ಪ ಗಂಡಿನ ಮನೆಯ ಹಜಾರದಲ್ಲಿ ಕುಳಿತಿದ್ದ. ಅವನ ಮಗಳು ಕುಸುಮಳ ಪರವಾಗಿ ಸರ್ವಮಂಗಳಮ್ಮ ಕೋಣೆಕೋಣೆಯ ಗೋಡೆ ಸವರಿದರು. ಎಲ್ಲೆಡೆ ತೆಳುವಾಗಿತ್ತು. ಅಡುಗೆಮನೆಯಲ್ಲಿ, ಒಲೆಯ ಪಕ್ಕ ಮಾತ್ರ ಆಗಷ್ಟೇ ಹೆರೆದಂತೆ ಹಸಿಹಸಿ, ಹುಳಿ ವಾಸನೆ ಬೇರೆ.

"ಸಾರು ಚೆಲ್ಲಿತ್ತು, ಒರೆಸಿದ್ವಿ," ಎಂದರು ಹುಡುಗನ ತಾಯಿ, ತಲೆಯೆತ್ತದೆ.

ಅಷ್ಟರಲ್ಲಿ ಹುಡುಗ ನಗುತ್ತ ಒಳಗೆ ಬಂದು, ಮೇಲಿನ ಹಲಗೆಯಿಂದ ಸಕ್ಕರೆ ಡಬ್ಬಿ ಇಳಿಸಲು ಕೈಯೆತ್ತಿದ. ತಾಯಿಯ ಬೆನ್ನ ಹಿಂದೆ ಆ ಹಸಿ ಜಾಗ ಪಟ್ಟನೆ ಉಬ್ಬಿ ಕಲ್ಲಿನಂತಾಯಿತು. ಪೆಟ್ಟು ಬೀಳುವವರೆಗೂ ಅದು ಕಾಯಲಿಲ್ಲ.

ಅವನು ಡಬ್ಬಿ ತೆಗೆದುಕೊಂಡು ಹೋದ.

"ಹೆಂಗೈತೆ ಮಂಗಳಾ, ಗೋಡೆ?" ರುದ್ರಪ್ಪ ಹಜಾರದಿಂದಲೇ ಕೂಗಿದ.

ಸರ್ವಮಂಗಳಮ್ಮ ಆ ಉಬ್ಬಿನ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ಅಳೆದರು.

"ನನ್ ಮನೇದಕ್ಕಿಂತ ತೆಳ್ಳಗೈತೆ, ಅಣ್ಣಾ."

ಹಜಾರದಲ್ಲಿ ತಾಂಬೂಲ ಬದಲಾಯಿತು.