ಮಾತ್ರೆ ನುಂಗದ ಹೊನ್ನಯ್ಯ

“ಮಂಡಿ ಹಿಡ್ಕಂಡದೆ ಕಣವ್ವ. ಬಿರುಸಾದ್ದು ಎಲ್ಡು ಮಾತ್ರೆ ಕೊಡು,” ಎಂದು ಹೊನ್ನಯ್ಯ ಮಳವಳ್ಳಿಯ ಮೆಡಿಕಲ್ ಸ್ಟೋರಿನ ಗಾಜಿನ ಮೇಲೆ ಕೈಯೂರಿದ.

ಅಂಗಡಿಯ ಮೋಹಿನಿ ನಾಲ್ಕು ಪ್ರಶ್ನೆ ಕೇಳದೆ ಯಾರಿಗೂ ಏನೂ ಕೊಡುವವಳಲ್ಲ. ಗಿರಾಕಿಗಳು ಗೊಣಗುವುದೂ ಅದಕ್ಕೇ.

“ಬಿಪಿಗೆ, ಹಾರ್ಟಿಗೆ ಏನಾದ್ರೂ ಮಾತ್ರೆ ತಗೋತಿದ್ದೀರಾ ತಾತ?”

“ಮಂಡ್ಯದ ಡಾಕ್ಟ್ರು ಎದೆನೋವ್ಗೆ ಅಂತ ಒಂದ್ ಚೀಲ ಕೊಟ್ಟಿದ್ದ. ತಿಪ್ಪೆಗೆ ಎಸ್ದೆ. ಮಾತ್ರೆ ನುಂಗಿ ಬದುಕೋ ಮೈಯಲ್ಲ ಇದು.”

ಅವಳು ನೋವಿನ ಮಾತ್ರೆ ಎರಡು ಕತ್ತರಿಸಿ, ಬಿಲ್ಲಿಗೆಂದು ಫೋನ್ ನಂಬರ್ ಕೇಳಿದಳು. ಅವನು ಸೊಸೆಯ ನಂಬರ್ ಹೇಳಿದ. ಕಂಪ್ಯೂಟರಿನಲ್ಲಿ ಬಂದದ್ದು ಅವನದೇ ಹೆಸರು: ಹೊನ್ನಯ್ಯ, ಬೆಳಕವಾಡಿ. ಎಂಟು ತಿಂಗಳಿಂದ ರಕ್ತ ತೆಳು ಮಾಡುವ ಮಾತ್ರೆ, ಒಂದು ತಿಂಗಳೂ ತಪ್ಪಿಲ್ಲ. ಮೋಹಿನಿ ಕತ್ತರಿಸಿದ್ದನ್ನು ಡಬ್ಬಕ್ಕೆ ವಾಪಸ್ ಹಾಕಿ ಆ ನಂಬರಿಗೇ ಫೋನ್ ಮಾಡಿದಳು.

ಸೊಸೆ ಅರ್ಪಿತ ತಡವರಿಸಿದಳು. “ಹೇಳ್ಬ್ಯಾಡಿ ಮೇಡಂ. ಕೈಗೆ ಕೊಟ್ರೆ ಎಸೀತಾರೆ. ರಾತ್ರಿ ಮುದ್ದೆ ಒಳಗೆ ಇಟ್ಟು ಕೊಡ್ತಾ ಇವ್ನಿ. ಅದ್ಕೇ ಇನ್ನೂ ಗಟ್ಟಿಯಾಗವ್ರೆ.”

ಹೊನ್ನಯ್ಯನಿಗೆ ತಿಳಿಯುವುದಾದರೂ ಹೇಗೆ? ಮುದ್ದೆಯನ್ನು ಅಗಿದು ತಿನ್ನುವವನಿಗೆ ಈ ಸೀಮೆಯಲ್ಲಿ ಮರ್ಯಾದೆಯಿಲ್ಲ. ಸಾರಲ್ಲಿ ಅದ್ದಿ ಗುಳುಕ್ಕನೆ ನುಂಗಬೇಕು.

“ಹೇಳ್ದೇ ಇದ್ರೆ ಪಕ್ಕದಂಗಡೀಲಿ ನೋವಿನ ಮಾತ್ರೆ ತಗೋತಾರೆ. ಎರಡೂ ಸೇರಿದ್ರೆ ಹೊಟ್ಟೆ ಒಳಗೇ ರಕ್ತ ಸೋರಬಹುದು,” ಎಂದಳು ಮೋಹಿನಿ. ಮುದುಕನ ಮುಖ ನೋಡಿ ಪಾಪ ಎನಿಸಿತು. ಆದರೂ ಇದ್ದದ್ದನ್ನು ಇದ್ದ ಹಾಗೇ ಹೇಳಿ, ಫೋನನ್ನು ಸ್ಪೀಕರಿಗೆ ಹಾಕಿ ಮುಂದಿಟ್ಟಳು.

ಕೂಗಾಡುತ್ತಾನೆ ಎಂದುಕೊಂಡಿದ್ದಳು. ಹೊನ್ನಯ್ಯ ಕೂಗಾಡಲಿಲ್ಲ. ಫೋನಿನ ಹತ್ತಿರ ಬಗ್ಗಿದ.

“ಅರ್ಪಿತ, ಮಾತ್ರೆನ ಮುದ್ದೇಲಿ ಯಾವ ಕಡೀಕ್ ಇಕ್ತೀಯವ್ವ?”

“ತಪ್ಪಾಯ್ತು ಮಾವ. ಮೇಲ್ಗಡೇನೇ ಒತ್ತಿರ್ತೀನಿ. ಮೊದಲ್ನೆ ತುತ್ತಿಗೇ ಓಗ್ಬುಡ್ಲಿ ಅಂತ.”

ಹೊನ್ನಯ್ಯ ಫೋನನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

“ನಿನ್ ಮಗಳು ನುಂಗೋದು ಕಲೀಲಿ ಅಂತ, ಮೊದಲ್ನೆ ತುತ್ತು ದಿನಾ ಅವಳ ಬಾಯ್ಗೇ ಇಕ್ತಿವ್ನಲ್ಲವ್ವ.”